ಸೆಮಿಸ್ಟರ್ ಮುಗಿಯೋಕೆ ಮೂರು ವಾರ: ರೆಕಾರ್ಡ್, ಐಎ, ಹಾಜರಾತಿ ಒಟ್ಟಿಗೆ ಮೈಮೇಲೆ ಬಂದಾಗ ದಿನ ಹೇಗೆ ಹೊಂದಿಸೋದು?

ನಿಮ್ಮ ಪ್ರಶ್ನೆಯಿಂದ ನನಗೆ ಗೊತ್ತಾಗಿದ್ದು ಇಷ್ಟು: ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜು, ಕಂಪ್ಯೂಟರ್ ಸೈನ್ಸ್, ನಾಲ್ಕನೇ ಸೆಮ್, ಬೆಂಗಳೂರಲ್ಲಿ ಪಿಜಿ ವಾಸ. ತರಗತಿ ಮುಗಿಯೋಕೆ ಮೂರು ವಾರ ಇದೆ. ಎಡಿಎ (ಅಲ್ಗಾರಿದಮ್‌ಗಳ ವಿನ್ಯಾಸ, ವಿಶ್ಲೇಷಣೆ) ಲ್ಯಾಬಿನ ಆರು ಪ್ರೋಗ್ರಾಂ ರೆಕಾರ್ಡಿಗೆ ಇಳಿಸಿಲ್ಲ, ಒಂದು ವಿಷಯದಲ್ಲಿ ಹಾಜರಾತಿ ಶೇ 80, ಎರಡನೇ ಐಎ (ಕಾಲೇಜಿನ ಆಂತರಿಕ ಟೆಸ್ಟ್) ಇನ್ನೂ ಆಗಿಲ್ಲ. ರಾತ್ರಿ ಎರಡರವರೆಗೆ ಓದಿದರೂ ಏನೂ ಮುಗೀತಿಲ್ಲ ಅಂತೀರಿ.

ಮೊದಲು ಆ ರಾತ್ರಿ ಓದು ನಿಲ್ಲಿಸಿ. ಈ ಮೂರು ವಾರದಲ್ಲಿ ಅಂಕ ಸಿಗೋದು ಓದಿನಿಂದಲ್ಲ, ಸಹಿಯಿಂದ. ಓದೋಕೆ ಸ್ಟಡಿ ಹಾಲಿಡೇಸ್ ಇದೆ. ಸಹಿ ಹಾಕುವವರು ಮಾತ್ರ ಸ್ಟಡಿ ಹಾಲಿಡೇಸಿನಲ್ಲಿ ಸೀಟಿನಲ್ಲಿ ಸಿಗಲ್ಲ.

ಲೆಕ್ಕ ನೋಡಿ. ಇದು ವಿಟಿಯುನ 2022ರ ಸ್ಕೀಮಿನದು (ಪಠ್ಯಕ್ರಮ, ಅಂಕ ಹಂಚಿಕೆಯ ನಿಯಮ); ನಿಮ್ಮ ಕಾಲೇಜು ಆಟಾನಮಸ್ (ಸ್ವಾಯತ್ತ) ಆಗಿದ್ದರೆ ಅಲ್ಲಿನ ನಿಯಮ ಪುಸ್ತಕವನ್ನೇ ನಂಬಿ. ಬರೀ ಥಿಯರಿ ವಿಷಯಕ್ಕೆ ಸಿಐಇ, ಅಂದರೆ ಸೆಮ್ ಉದ್ದಕ್ಕೂ ಕಾಲೇಜೇ ಕೊಡುವ ಆಂತರಿಕ ಅಂಕ, 50. ಅದರಲ್ಲಿ 25 ಐಎ ಟೆಸ್ಟ್‌ಗಳಿಗೆ, ಇನ್ನು 25 ಅಸೈನ್‌ಮೆಂಟಿಗೆ. ಅಂದರೆ ಅರ್ಧಕ್ಕೆ ಅರ್ಧ ಅಂಕ ಕೂತು ಬರೆದು, ಹೇಳಿದ ದಿನ ಕೊಟ್ಟರೆ ಬರುವಂಥದ್ದು. ಟೆಸ್ಟಿನಲ್ಲಿ 15 ಬಂದು ಅಸೈನ್‌ಮೆಂಟಿನಲ್ಲಿ 23 ಬಂದರೆ 38 ಆಯ್ತು. ಅದೇ ಟೆಸ್ಟಿಗೆ ಎರಡು ರಾತ್ರಿ ನಿದ್ದೆಗೆಟ್ಟರೆ 15 ಇದ್ದದ್ದು 18 ಆಗಬಹುದು, ಅಷ್ಟೇ.

ಮೈಕ್ರೋಕಂಟ್ರೋಲರ್ಸ್, ಡಿಬಿಎಂಎಸ್ (ಡೇಟಾಬೇಸ್) ತರದ ಐಪಿಸಿಸಿ, ಅಂದರೆ ಥಿಯರಿ, ಲ್ಯಾಬ್ ಎರಡೂ ಸೇರಿರುವ ವಿಷಯಗಳ ಹಂಚಿಕೆ ಬೇರೆ. ಥಿಯರಿಗೆ 25, ಲ್ಯಾಬಿಗೆ 25. ಥಿಯರಿಯ 25ರಲ್ಲಿ 15 ಟೆಸ್ಟಿಗೆ, 10 ಅಸೈನ್‌ಮೆಂಟಿಗೆ. ಲ್ಯಾಬಿನ 25ರಲ್ಲಿ 15 ಪ್ರಯೋಗ ಮಾಡಿದ್ದಕ್ಕೂ ರೆಕಾರ್ಡಿಗೂ, 10 ಲ್ಯಾಬ್ ಟೆಸ್ಟಿಗೆ. ಎರಡೂ ಕಡೆ ಬೇರೆಬೇರೆಯಾಗಿ ಶೇ 40, ಅಂದರೆ ಕನಿಷ್ಠ 10 ಬರಬೇಕು. ಥಿಯರಿಯಲ್ಲಿ 22 ಬಂದು ಲ್ಯಾಬಿನಲ್ಲಿ 8 ಬಂದರೆ ಒಟ್ಟು 30 ಆಯ್ತಲ್ಲ ಅಂತ ವಾದಿಸೋಕಾಗಲ್ಲ, ಅರ್ಹತೆಯೇ ಇಲ್ಲ. ಫಲಿತಾಂಶದಲ್ಲಿ 'ಎನ್‌ಇ' ಅಂತ ಬರುತ್ತೆ, ನಾಟ್ ಎಲಿಜಿಬಲ್. ಫೇಲಾದವರು ಪರೀಕ್ಷೆ ಮತ್ತೆ ಬರೆದರೆ ಸಾಕು. ಎನ್‌ಇ ಆದವರು ಆ ವಿಷಯಕ್ಕೆ ಮತ್ತೆ ನೋಂದಾಯಿಸಿ ಸಿಐಇಯನ್ನೂ ಹೊಸದಾಗಿ ಗಳಿಸಬೇಕು. ಬ್ಯಾಕ್‌ಲಾಗ್ ಉಳಿಯೋದಕ್ಕಿಂತ ಇದು ಕೆಟ್ಟದ್ದು.

ಹಾಜರಾತಿ ವಿಷಯದಲ್ಲಿ ನಿಜ ಹೇಳಿಬಿಡ್ತೀನಿ. ಇಲ್ಲಿಯವರೆಗೆ 40 ತರಗತಿ ಆಗಿ 32ಕ್ಕೆ ಹೋಗಿದ್ದೀರಿ ಅಂತಿಟ್ಟುಕೊಳ್ಳಿ. ನಿಯಮದ ಪ್ರಕಾರ ಬೇಕಾದ ಶೇ 85 ತಲುಪೋಕೆ ಇನ್ನು ಒಂದೂ ತಪ್ಪದ ಹಾಗೆ ಎಷ್ಟು ತರಗತಿ ಬೇಕು? ಆಗಿರುವ ತರಗತಿಯ ಶೇ 85 ಅಂದರೆ 34. ಅದರಲ್ಲಿ ನೀವು ಹೋದ 32 ಕಳೆಯಿರಿ, ಉಳಿದ 2ನ್ನು 0.15ರಿಂದ ಭಾಗಿಸಿ. 13.3 ಬರುತ್ತೆ, ಅಂದರೆ 14 ತರಗತಿ. ವಾರಕ್ಕೆ ನಾಲ್ಕು ತರಗತಿಯಾದರೆ ಮೂರೂವರೆ ವಾರ, ನಿಮಗಿರೋದು ಮೂರು. ಎಕ್ಸ್‌ಟ್ರಾ ಕ್ಲಾಸ್ ಇಟ್ಟರೆ ಒಂದನ್ನೂ ಬಿಡಬೇಡಿ, ಆದರೂ ಶೇ 84ರ ಸುಮಾರಿಗೆ ನಿಲ್ಲುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ಇವತ್ತೇ ಮಾಡಬೇಕಾದ್ದು ಇನ್ನೊಂದಿದೆ. ಕಾಯಿಲೆ, ಕ್ರೀಡೆ, ಕಾಲೇಜು ಪರವಾಗಿ ಹೋದ ಕಾರ್ಯಕ್ರಮ ಇಂಥ ಸರಿಯಾದ ಕಾರಣಕ್ಕೆ ಶೇ 75ರವರೆಗೆ ಮನ್ನಾ ಮಾಡುವ ಅವಕಾಶ ನಿಯಮದಲ್ಲೇ ಇದೆ. ಆದರೆ ಕಾಗದ ಬೇಕು. ಜ್ವರ ಬಂದಾಗಿನ ವೈದ್ಯರ ಚೀಟಿ, ಫೆಸ್ಟ್‌ಗೆ ಹೋಗಿದ್ದರ ಅನುಮತಿ ಪತ್ರ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ, ಒಂದು ಅರ್ಜಿ ಬರೆದು ಮೆಂಟರ್ ಮೂಲಕ ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ಕೊಡಿ. ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ಮೇಲೆ ಹೋದರೆ ಬಾಗಿಲ ಮುಂದೆ ನಿಮ್ಮಂಥವರು ನಲವತ್ತು ಜನ ನಿಂತಿರ್ತಾರೆ, ಎಲ್ಲರ ಕೈಯಲ್ಲೂ ಅದೇ ವಾರದ ಮೆಡಿಕಲ್ ಸರ್ಟಿಫಿಕೇಟ್ ಇರುತ್ತೆ. ಯಾರದು ನಿಜ ಅಂತ ನೋಡುವ ತಾಳ್ಮೆ ಆಗ ಯಾರಿಗೂ ಉಳಿದಿರಲ್ಲ.

ಇನ್ನು ರೆಕಾರ್ಡ್. ಎಡಿಎ ಲ್ಯಾಬಿನ ಸಿಐಇ 50ರಲ್ಲಿ 30 ಪ್ರಯೋಗ ಮತ್ತು ರೆಕಾರ್ಡಿಗೆ, 20 ಟೆಸ್ಟಿಗೆ. ಕೂರುವ ಮುಂಚೆ ಕೈಬರಹವೋ ಪ್ರಿಂಟೋ, ಔಟ್‌ಪುಟ್ ಎಡಪುಟದಲ್ಲೋ ಬಲಪುಟದಲ್ಲೋ ಅಂತ ಲ್ಯಾಬ್ ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿಕೊಳ್ಳಿ. ಸೀನಿಯರ್ ರೆಕಾರ್ಡ್ ನೋಡಿ ಬರೆದು ಕೊನೆಗೆ ಆರು ಪ್ರೋಗ್ರಾಮನ್ನೂ ಮತ್ತೆ ಬರೆಯೋದು ಪ್ರತಿ ವರ್ಷದ ಕಥೆ. ಕೈಯಲ್ಲಿ ಬರೆದರೆ ಒಂದು ಪ್ರೋಗ್ರಾಮಿಗೆ ಮುಕ್ಕಾಲು ಗಂಟೆ ಹಿಡಿಯಿರಿ. ದಿನಕ್ಕೆ ಎರಡರಂತೆ ಮೂರು ಸಂಜೆಯಲ್ಲಿ ಆರೂ ಮುಗಿಯುತ್ತೆ. ಆರನ್ನೂ ಒಟ್ಟಿಗೆ ಸಹಿಗೆ ಒಯ್ಯಬೇಡಿ, ಎರಡೆರಡಾಗಿ ಒಯ್ಯಿರಿ. ದಪ್ಪ ಕಟ್ಟು ಕಂಡರೆ ಮೇಡಂ "ಇಟ್ಟು ಹೋಗಿ" ಅಂತಾರೆ. ಇಟ್ಟು ಹೋದ ರೆಕಾರ್ಡ್ ಇನ್ನೂರು ರೆಕಾರ್ಡುಗಳ ರಾಶಿಯಲ್ಲಿ ಸೇರಿಹೋಗುತ್ತೆ. ಇಂಡೆಕ್ಸ್ ಪುಟದಲ್ಲಿ ತಾರೀಖು, ಪುಟಸಂಖ್ಯೆ ಮೊದಲೇ ತುಂಬಿಸಿರಿ. ಅಲ್ಲಿ ಖಾಲಿ ಕಂಡರೆ ಸಹಿ ಬೀಳಲ್ಲ.

ಹೆಚ್ಚು ಜನ ಸಿಕ್ಕಿಬೀಳೋದು ಮೂರು ಸಾರ್ಟಿಂಗ್ ಪ್ರೋಗ್ರಾಮುಗಳಲ್ಲಿ: ಸೆಲೆಕ್ಷನ್, ಕ್ವಿಕ್, ಮರ್ಜ್. ಎನ್ (ಸಾರ್ಟ್ ಮಾಡುವ ಸಂಖ್ಯೆಗಳ ಎಣಿಕೆ) ಬೆಲೆ 5000ಕ್ಕಿಂತ ಹೆಚ್ಚಿಟ್ಟು ಸಮಯ ಅಳೆದು ಗ್ರಾಫ್ ಹಾಕಿ ಅಂತ ಸಿಲಬಸ್ ಹೇಳುತ್ತೆ. ವಿಂಡೋಸ್ ಯಂತ್ರದಲ್ಲಿ ಕ್ಲಾಕ್ ಫಂಕ್ಷನ್ ಒಂದು ಮಿಲಿಸೆಕೆಂಡಿಗಿಂತ ಸಣ್ಣದನ್ನು ತೋರಿಸಲ್ಲ. ಕ್ವಿಕ್ ಸಾರ್ಟ್ 5000 ಸಂಖ್ಯೆಗಳನ್ನು ಅದಕ್ಕೂ ಬೇಗ ಮುಗಿಸಿಬಿಡಬಹುದು, ಆಗ ಪರದೆಯಲ್ಲಿ ಬರೋದು ಸೊನ್ನೆ. ಆಗ ಅದನ್ನೇ ಸಾವಿರ ಸಲ ಲೂಪಿನಲ್ಲಿ ಓಡಿಸಿ ಸಾವಿರದಿಂದ ಭಾಗಿಸ್ತಾರೆ. ಉಪಾಯ ಸರಿ, ಆದರೆ ಇಲ್ಲೇ ಒಂದು ಗುಂಡಿ ಇದೆ. ಮೊದಲ ಸುತ್ತಿನಲ್ಲೇ ಅರೇ (ಸಂಖ್ಯೆಗಳ ಸಾಲು) ಸಾರ್ಟ್ ಆಗಿಬಿಟ್ಟಿರುತ್ತೆ. ಎರಡನೇ ಸುತ್ತಿನಿಂದ ಸಾರ್ಟ್ ಆದದ್ದನ್ನೇ ಮತ್ತೆ ಸಾರ್ಟ್ ಮಾಡ್ತೀರಿ. ಮೊದಲ ಅಂಶವೇ ಪಿವೋಟ್ (ಉಳಿದವನ್ನು ಹೋಲಿಸಿ ಎರಡು ಭಾಗ ಮಾಡುವ ಸಂಖ್ಯೆ) ಆಗಿದ್ದರೆ ಅದು ಕ್ವಿಕ್ ಸಾರ್ಟಿನ ಅತಿ ಕೆಟ್ಟ ಸ್ಥಿತಿ. ಸಮಯ ಎನ್ ವರ್ಗದಂತೆ ಏರಿ, ಗ್ರಾಫ್ ಸೆಲೆಕ್ಷನ್ ಸಾರ್ಟಿನದ್ದೇ ತರ ಕಾಣುತ್ತೆ. ಮೂಲ ಅರೇಯ ಒಂದು ಪ್ರತಿ ಇಟ್ಟುಕೊಂಡು ಪ್ರತಿ ಸುತ್ತಿಗೂ ಅದರಿಂದ ನಕಲು ಮಾಡಿ. ಅರೇಯನ್ನು ಮೇನ್ ಒಳಗೆ ಘೋಷಿಸಬೇಡಿ, ಹೊರಗೆ ಗ್ಲೋಬಲ್ ಆಗಿಡಿ. ಐದು ಲಕ್ಷ ಪೂರ್ಣಾಂಕ ಅಂದರೆ ಸುಮಾರು 2 ಎಂಬಿ, ಸ್ಟ್ಯಾಕ್ ತಡೆಯದೆ ಪ್ರೋಗ್ರಾಂ ಸದ್ದಿಲ್ಲದೆ ನಿಂತುಹೋಗಬಹುದು. ಗ್ರಾಫಿನ ಅಂಕಿ ಮಾತ್ರ ಮನಸ್ಸಿನಿಂದ ಬರೆಯಬೇಡಿ. ಸೆಲೆಕ್ಷನ್ ಸಾರ್ಟಿನಲ್ಲಿ 5000 ಇದ್ದದ್ದು 10,000 ಆದರೆ ಸಮಯ ಸುಮಾರು ನಾಲ್ಕು ಪಟ್ಟು ಆಗಬೇಕು. ಎರಡು ಪಟ್ಟು ಬರೆದವರನ್ನು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮೊದಲ ಪ್ರಶ್ನೆಗೇ ಹಿಡೀತಾರೆ.

ಲ್ಯಾಬ್ ಪರೀಕ್ಷೆಗೆ ಹನ್ನೆರಡು ಪ್ರೋಗ್ರಾಂ ಅಂತ ಹೆದರಬೇಡಿ. ಮೂರು ಸಾರ್ಟಿಗೂ ಸಮಯ ಅಳೆಯುವ ಭಾಗ ಒಂದೇ. ಬಿಂದು-ಗೆರೆಗಳ ಜಾಲದ ಅಲ್ಗಾರಿದಮ್‌ಗಳಲ್ಲಿ ಪ್ರಿಮ್ಸ್ ಮತ್ತು ಡೈಕ್‌ಸ್ಟ್ರಾ ಒಂದೇ ಅಚ್ಚು: ಪ್ರಿಮ್ಸ್‌ನಲ್ಲಿ ಬರೀ ಆ ಎಡ್ಜ್ (ಗೆರೆ) ತೂಕ ಹೋಲಿಸ್ತೀರಿ, ಡೈಕ್‌ಸ್ಟ್ರಾದಲ್ಲಿ ಅಲ್ಲಿಯವರೆಗಿನ ದೂರವನ್ನೂ ಕೂಡಿ ಹೋಲಿಸ್ತೀರಿ. ಫ್ಲಾಯ್ಡ್, ವಾರ್ಷಲ್ ಎರಡರದ್ದೂ ಅದೇ ಮೂರು ಲೂಪ್, ಒಳಗಿನ ಒಂದು ಸಾಲು ಮಾತ್ರ ಬೇರೆ. ಫ್ಲಾಯ್ಡ್‌ನಲ್ಲಿ ದಾರಿ ಇಲ್ಲ ಅನ್ನೋಕೆ ಇಂಟ್ ಮ್ಯಾಕ್ಸ್ (ಇಂಟ್ ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ) ಹಾಕಿದರೆ ಕೂಡುವಾಗ ಉಕ್ಕಿ ಋಣಸಂಖ್ಯೆ ಆಗುತ್ತೆ, ಉತ್ತರ ಕೆಡುತ್ತೆ; 9999 ಹಾಕಿ. ಪರೀಕ್ಷೆಯಲ್ಲಿ ಬರಹಕ್ಕೆ ಶೇ 20, ಓಡಿಸಿ ಫಲಿತಾಂಶ ತೋರಿಸೋದಕ್ಕೆ 60, ವೈವಾಗೆ 20. ಪ್ರಯೋಗ ಬದಲಿಸೋಕೆ ಒಂದೇ ಅವಕಾಶ, ಅದಕ್ಕೂ ಅಂಕ ಕತ್ತರಿ ಬೀಳುತ್ತೆ.

ದಿನಚರಿ ಕೇಳಿದ್ದೀರಿ. ನನ್ನ ಸಲಹೆ: ಕ್ಲಾಸ್ ಮುಗಿದ ಮೇಲೆ ತಕ್ಷಣ ಪಿಜಿಗೆ ಓಡಬೇಡಿ. ನಾಲ್ಕರಿಂದ ಐದೂವರೆ ಸಹಿಗೆ, ಲ್ಯಾಬಿಗೆ. ಆಮೇಲೆ ಟೀ, ಸ್ವಲ್ಪ ಓಡಾಟ. ಏಳರಿಂದ ಒಂಬತ್ತು ರೆಕಾರ್ಡು, ಅಸೈನ್‌ಮೆಂಟ್. ಇದಕ್ಕೆ ತಲೆ ಚುರುಕಿರಬೇಕಾಗಿಲ್ಲ, ಕೈ ಓಡಿದರೆ ಸಾಕು. ಹನ್ನೊಂದಕ್ಕೆ ಮಲಗಿ. ಓದು ಬೆಳಗ್ಗೆ ಐದೂವರೆಯಿಂದ ಏಳೂವರೆ: ಬಿಸಿಲೇರಿರಲ್ಲ, ಪಿಜಿಯಲ್ಲಿ ಗಲಾಟೆ ಇರಲ್ಲ, ಬಾತ್‌ರೂಮಿಗೂ ಕ್ಯೂ ಇರಲ್ಲ. ಮಧ್ಯಾಹ್ನ ಮೊಸರನ್ನ ತಿಂದರೆ ಎರಡು ಗಂಟೆ ಕ್ಲಾಸಿನಲ್ಲಿ ನಿದ್ದೆ ಗ್ಯಾರಂಟಿ ಅಂತಾರೆ. ನನ್ನ ಪ್ರಕಾರ ತಪ್ಪು ಮೊಸರನ್ನದ್ದಲ್ಲ, ಹಿಂದಿನ ರಾತ್ರಿಯದ್ದು. ಪ್ರಿಂಟ್, ಬೈಂಡಿಂಗ್ ಏನಿದ್ದರೂ ಕೊಡಬೇಕಾದ ದಿನಕ್ಕೆ ಎರಡು ದಿನ ಮೊದಲೇ ಮುಗಿಸಿ. ಸಂಜೆ ಮಳೆ ಬಂದು ಕರೆಂಟ್ ಹೋದರೆ ಜೆರಾಕ್ಸ್ ಅಂಗಡಿಯವನು ಏನೂ ಮಾಡೋಕಾಗಲ್ಲ.

ಮರೆತುಹೋಗುವ ಸಣ್ಣ ಬಾಕಿಗಳು: ಎನ್‌ಎಸ್‌ಎಸ್, ಪಿಇ (ದೈಹಿಕ ಶಿಕ್ಷಣ) ಅಥವಾ ಯೋಗದಲ್ಲಿ ನೀವು ಆಯ್ದುಕೊಂಡದ್ದರ ವರದಿ. ಕ್ರೆಡಿಟ್ ಇಲ್ಲ ಅಂತ ಬಿಟ್ಟರೆ ಕೊನೆಗೆ ಅದೂ ಕಾಡುತ್ತೆ. ಸಿಐಇ ಅಂಕ ಪೋರ್ಟಲಿಗೆ ಏರಿಸೋಕೆ ಮೊದಲು ಪಟ್ಟಿ ತೋರಿಸಿ ಸಹಿ ಹಾಕಿಸಿಕೊಂಡರೆ, ಹತ್ತು ಅಕ್ಷರದ ನಿಮ್ಮ ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಮೇಲೆ ಸ್ಕೇಲಿಟ್ಟು ಅಡ್ಡಸಾಲು ಓದಿ. ಪಕ್ಕದವರ ಅಂಕ ನಿಮ್ಮ ಸಾಲಿಗೆ ಬಂದಿರೋದು ಅಪರೂಪವೇನಲ್ಲ. ಏರಿಸಿ ಲಾಕ್ ಆದ ಮೇಲೆ ಸರಿಪಡಿಸೋದು ಬಲು ಕಷ್ಟ.

ಸ್ಟಡಿ ಹಾಲಿಡೇಸಿಗೆ ಒಂದೇ ಮಾತು: ಪೇಪರಿನ ಆಕಾರ ನೋಡಿ ಓದಿ. ಐದು ಮಾಡ್ಯೂಲ್, ಪ್ರತಿಯೊಂದರಿಂದ 20 ಅಂಕದ ಎರಡು ಪೂರ್ಣ ಪ್ರಶ್ನೆ, ಅವುಗಳಲ್ಲಿ ಒಂದನ್ನು ಬರೆಯಬೇಕು. ಆಯ್ಕೆ ಇರೋದು ಮಾಡ್ಯೂಲಿನ ಒಳಗೆ. ಒಂದು ಮಾಡ್ಯೂಲನ್ನು ಪೂರ್ತಿ ಬಿಟ್ಟರೆ 20 ಹೋದ ಹಾಗೆಯೇ. ಪೇಪರಿನ ಬಲಗಡೆ ಎಂ, ಎಲ್, ಸಿ ಅಂತ ಮೂರು ಕಾಲಂ ಇರುತ್ತೆ: ಅಂಕ, ಬ್ಲೂಮ್ ಮಟ್ಟ (ಪ್ರಶ್ನೆ ಎಷ್ಟು ಆಳದ್ದು ಅನ್ನೋದು), ಕೋರ್ಸ್ ಔಟ್‌ಕಮ್. ಹಳೇ ಪೇಪರುಗಳಲ್ಲಿ ಎಲ್3 ಅಂತಿರೋದು ಲೆಕ್ಕ ಅಥವಾ ಅನ್ವಯದ ಪ್ರಶ್ನೆ. ಎಲ್1, ಎಲ್2 ಬಾಯಿಪಾಠಕ್ಕೆ, ವಿವರಣೆಗೆ ಹತ್ತಿರ. ಯಾವ ಮಾಡ್ಯೂಲಿನಿಂದ ಯಾವುದು ಬರ್ತಾ ಇದೆ ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿದರೆ ಮಾರುಕಟ್ಟೆಯ 'ಪಾಸಿಂಗ್ ಪ್ಯಾಕೇಜ್' ಬೇಕಾಗಲ್ಲ.

100ಕ್ಕೆ ಬರೆದದ್ದು 50ಕ್ಕೆ ಇಳಿಯುತ್ತೆ, ಅದರಲ್ಲಿ ಕನಿಷ್ಠ 18 ಬೇಕು. ಆದರೆ ಸಿಐಇ, ಎಸ್‌ಇಇ (ಈ ಸೆಮ್ ಕೊನೆಯ ಪರೀಕ್ಷೆ) ಕೂಡಿ 40 ಆಗಲೇಬೇಕು. ಸಿಐಇಯಲ್ಲಿ ಸರಿಯಾಗಿ 20 ಇಟ್ಟುಕೊಂಡವರಿಗೆ 18 ಸಾಲದು, 20 ಬೇಕು. ಅಸೈನ್‌ಮೆಂಟ್ ಬಗ್ಗೆ ಇಷ್ಟು ಕೊರೆದದ್ದು ಇದಕ್ಕೇ.

ಮೂರು ಗಂಟೆ ಅಂದರೆ 180 ನಿಮಿಷ. ಪ್ರಶ್ನೆಗೆ 34ರಂತೆ ಐದಕ್ಕೆ 170, ಕೊನೆಯ ಹತ್ತು ನಿಮಿಷ ಪ್ರಶ್ನೆ ಸಂಖ್ಯೆ ಸರಿ ಇದೆಯಾ ನೋಡೋಕೆ. ಉತ್ತರಪತ್ರಿಕೆ ಸ್ಕ್ಯಾನ್ ಆಗಿ ಮೌಲ್ಯಮಾಪಕರು ಪರದೆ ಮೇಲೆ ನೋಡ್ತಾರೆ, ಹಾಗಾಗಿ ಪೆನ್ಸಿಲ್ ಚಿತ್ರ ಮಸುಕಾಗಿದ್ದರೆ ನಿಮಗೇ ನಷ್ಟ. ಎಚ್‌ಬಿ ಪೆನ್ಸಿಲಿನಲ್ಲಿ ಒತ್ತಿ ಬರೆಯಿರಿ. ಯುಎಚ್‌ವಿ (ಮಾನವೀಯ ಮೌಲ್ಯಗಳ ವಿಷಯ) ಪರೀಕ್ಷೆ ಬೇರೆ ತರ: ಒಂದು ಗಂಟೆ, 50 ಬಹು ಆಯ್ಕೆ ಪ್ರಶ್ನೆ. ಅದಕ್ಕೆ ಎರಡು ಬೆಳಗು ಸಾಕು.

ಪಿಜಿ ಖಾಲಿ ಮಾಡುವ ಯೋಚನೆ ಇದ್ದರೆ ಅಡ್ವಾನ್ಸ್ ಕೊಟ್ಟಾಗಿನ ರಸೀದಿ ಈಗಲೇ ತೆಗೆದು ನೋಡಿ. ಎಷ್ಟು ದಿನ ಮೊದಲು ಹೇಳಬೇಕು, ಮೇಂಟೆನೆನ್ಸ್ ಅಂತ ಎಷ್ಟು ಹಿಡಿದುಕೊಳ್ತಾರೆ ಅನ್ನೋದು ಅದರಲ್ಲೇ ಇರುತ್ತೆ. ಕೊನೆಯ ಪರೀಕ್ಷೆ ದಿನದಿಂದ ಹಿಂದಕ್ಕೆ ಎಣಿಸಿ ವಾಟ್ಸ್‌ಆಪ್‌ನಲ್ಲಿ ಬರೆದು ತಿಳಿಸಿ. ಬಾಯಿಮಾತಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ. ಬಸ್ ಪಾಸಿನ ಕೊನೆಯ ತಾರೀಖು ಪರೀಕ್ಷೆಯ ನಡುವೆಯೇ ಬೀಳುತ್ತಾ ಅಂತಲೂ ನೋಡಿಕೊಳ್ಳಿ. ಲೈಬ್ರರಿ ಪುಸ್ತಕಗಳನ್ನು ಹಾಲ್ ಟಿಕೆಟ್ ಕೊಡೋಕೆ ಮುಂಚೆಯೇ ವಾಪಸ್ ಮಾಡಿ. ನೋ ಡ್ಯೂ ಕೇಳುವ ಕಾಲೇಜುಗಳಲ್ಲಿ ಎಲ್ಲರೂ ಒಂದೇ ದಿನ ನಿಲ್ಲುವ ಕ್ಯೂ ಅದು, ಕೌಂಟರ್ ಒಂದೇ ಇರುತ್ತೆ.