ಉತ್ತರ: ಮೊದಲ ಪೇಂಟಿಂಗ್ ಕೊಂಡವರ ಪೋರ್ಟ್ರೇಟ್‌ಗೆ ಜೀವ ಬರ್ತಿಲ್ಲ

ನಿಮ್ಮ ಮೊದಲ ಪೇಂಟಿಂಗ್ ಕೊಂಡವರಿಗೆ ಕೊಡೋಕೆ ಅವರದೇ ಪೋರ್ಟ್ರೇಟ್ ಎಣ್ಣೆಬಣ್ಣದಲ್ಲಿ ಬರೀತಿದ್ದೀರಿ, ಹೋಲಿಕೆ ಬಂದಿದೆ ಆದ್ರೆ ಮುಖ ಸಪ್ಪೆ ಅಂದ್ರಲ್ಲ, ಕಾರಣ ಬಹುಶಃ ನೀವು ನೋಡ್ಕೊಂಡು ಬರೆದ ಆ ಫ್ಲ್ಯಾಶ್ ಫೋಟೋ, ಎದುರಿಂದ ಬೆಳಕು ಬಿದ್ರೆ ಮೂಗು ಕೆನ್ನೆ ನೆರಳೆಲ್ಲ ಅಳಿಸಿಹೋಗುತ್ತೆ. ಕ್ಯಾನ್ವಾಸ್ ನೋಡದೆ ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ನಂಗೂ ಹೀಗೇ ಆಗಿತ್ತು.

ಮೊದ್ಲು ಕಣ್ಣು ತಿದ್ದೋದು ನಿಲ್ಸಿ. ಅವರ ಹತ್ರ ಅರ್ಧ ಗಂಟೆ ಕೇಳ್ಕೊಂಡು ಕಿಟಕಿ ಪಕ್ಕ ಕೂರಿಸಿ, ಅವರು ಮಾತಾಡ್ತಾ ಇರ್ಲಿ, ನೀವು ಪೆನ್ಸಿಲಲ್ಲಿ ನಾಲ್ಕೈದು ಸ್ಕೆಚ್ ಬೇಗಬೇಗ ಮಾಡ್ಕೊಳ್ಳಿ. ಕೈನೂ ಬರೀರಿ. ನನ್ನ ಚಿತ್ರಕ್ಕೆ ಮೊದಲ ಸಲ ದುಡ್ಡು ಕೊಟ್ಟವರು ಯೋಚನೆ ಮಾಡುವಾಗ ಹೆಬ್ಬೆರಳಿಂದ ತೋರುಬೆರಳು ಉಜ್ಜುತ್ತಿದ್ರು, ಅದು ಬಂದ್ಮೇಲೇ ಚಿತ್ರದಲ್ಲಿ ಅವರು ಕಂಡಿದ್ದು.

ಆಮೇಲೆ ಕೆಳಗಿನ ಪದರ ಒಣಗಿದೆಯಾ ನೋಡಿ, ಬೆಳಕಿಲ್ಲದ ಕಡೆ ಕೆನ್ನೆಗೆ ತೆಳು ಗ್ಲೇಜ್ (ಕೆಳಗಿನ ಬಣ್ಣ ಕಾಣೋ ಹಾಗೆ ಪಾರದರ್ಶಕ ಪದರ) ಕೊಡಿ, ಮೇಲಿನ ಪದರಕ್ಕೆ ಎಣ್ಣೆ ಸ್ವಲ್ಪ ಜಾಸ್ತಿ ಇರ್ಬೇಕು ಇಲ್ದಿದ್ರೆ ಬಿರುಕು ಬಿಡುತ್ತೆ.

ಹಿನ್ನೆಲೆ ಖಾಲಿ ಬಿಡ್ಬೇಡಿ. ದುಡ್ಡಿನ ಬದಲು ಚಿತ್ರ ತಗೊಂಡು ಬಣ್ಣ ಕೊಡ್ತಿದ್ದ ಅಂಗಡಿಯ ಟಾಂಗಿಯನ್ನ ವ್ಯಾನ್ ಗಾಗ್ 1887ರಲ್ಲಿ ಬರೆದಾಗ ಹಿಂದೆಲ್ಲಾ ತನಗಿಷ್ಟವಾದ ಜಪಾನಿ ಪ್ರಿಂಟ್‌ಗಳನ್ನ ತುಂಬಿದ್ದ. ನೀವು ಅವರು ಕೊಂಡ ನಿಮ್ಮ ಚಿತ್ರವನ್ನೇ ಹಿಂದೆ ಮಸುಕಾಗಿ ಇಡಿ.

ಕೊಡೋ ದಿನಕ್ಕೆ ರಿಟಚ್ ವಾರ್ನಿಶ್ (ಸದ್ಯಕ್ಕೆ ಹಚ್ಚೋ ತಾತ್ಕಾಲಿಕ ಮೇಲ್ಪದರ) ತೆಳುವಾಗಿ ಹೊಡೆದ್ರೆ ಸಾಕು, ಪೂರ್ತಿ ವಾರ್ನಿಶ್ 6 ತಿಂಗಳಾದ್ಮೇಲೆ ಮಾಡಿ.