ಅಡಿಗೆಮನೆ ಪ್ರಶ್ನೋತ್ತರ: ಬೇಕನ್ ಡ್ರೆಸ್ಸಿಂಗ್ ಬೆಳ್ಳಗೆ ಬಿಗಿಯುವುದೇಕೆ?

ಪ್ರಶ್ನೆ: ಬೇಕನ್ ಹುರಿದು, ಅದರ ಜಿಡ್ಡಿನಾಗ ವಿನೆಗರ್, ಸಾಸಿವಿ ಕಲಸಿ ಸಲಾಡ್ ಮ್ಯಾಲೆ ಹಾಕಿದ್ರ ಎರಡು ನಿಮಿಷದಾಗ ಎಲಿಗೆಲ್ಲಾ ಬೆಳ್ಳಗ ಮೇಣದಂಗ ಅಂಟಿಕೊಂಡ್ತು. ಎಲ್ಲಿ ತಪ್ಪಿತು? ಸರಿಯಾದ ಅಳತಿ ತಿಳಿಸ್ರಿ.
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ನಿಮ್ಮ ಎಲೆ ಫ್ರಿಜ್ಜಿನಿಂದ ನೇರವಾಗಿ ಬಟ್ಟಲಿಗೆ ಬಂದಿರಬೇಕು. ಶೇಂಗಾ ಎಣ್ಣೆ ಬೆಳಗಾವಿಯ ಡಿಸೆಂಬರ್ ಚಳಿಯಲ್ಲೂ ಹರಿಯುತ್ತದೆ. ಹಂದಿಯ ಕೊಬ್ಬು ಹಾಗಲ್ಲ, 30 ಡಿಗ್ರಿಯ ಆಸುಪಾಸಿಗೆ ಇಳಿದರೆ ಬಿಗಿಯತೊಡಗುತ್ತದೆ. ಇನ್ನು 5 ಡಿಗ್ರಿಯ ಎಲೆಗೆ ತಾಗಿದರೆ ಕೇಳುವುದೇ ಬೇಡ. ತೊಳೆದ ಎಲೆಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಅರ್ಧ ಗಂಟೆ ಹೊರಗಿಡಿ. ಬಡಿಸುವ ಬಟ್ಟಲಿಗೆ ಬಿಸಿನೀರು ಹಾಕಿಟ್ಟು, ಆಮೇಲೆ ಚೆಲ್ಲಿ ಒರೆಸಿಕೊಳ್ಳಿ. ಚಳಿಗಾಲವಾದರೆ ಜಿಡ್ಡಿನಲ್ಲಿ ಮೂರನೇ ಒಂದು ಪಾಲು ತೆಗೆದು ಆ ಜಾಗಕ್ಕೆ ಶೇಂಗಾ ಎಣ್ಣೆ ಹಾಕಿ.

ನಾಲ್ಕು ಜನಕ್ಕೆ ಅಳತೆ: ಕೊಬ್ಬಿನ ಪಟ್ಟೆ ಇರುವ ಬೇಕನ್ 150 ಗ್ರಾಂ, ಸಣ್ಣಗೆ ಹೆಚ್ಚಿದ ಒಂದು ಚಿಕ್ಕ ಉಳ್ಳಾಗಡ್ಡಿ, ವಿನೆಗರ್ 3 ದೊಡ್ಡ ಚಮಚ, ಪುಡಿ ಮಾಡಿದ ಬೆಲ್ಲ 2 ಸಣ್ಣ ಚಮಚ, ಸಾಸಿವೆ ಪೇಸ್ಟ್ 1 ಸಣ್ಣ ಚಮಚ, ಕುಟ್ಟಿದ ಕಾಳುಮೆಣಸು ಕಾಲು ಚಮಚ, ಎಲೆ 250 ಗ್ರಾಂ. ಬೆಲ್ಲ ಮಹಾಲಿಂಗಪುರದ್ದಾದರೆ ಸಕ್ಕರೆಯ ನೆನಪೇ ಬರುವುದಿಲ್ಲ.

ಫ್ರೋಜನ್ ಬೇಕನ್ ಅನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿ. ಹುರಿಯುವ ಮೊದಲು ಮೇಲಿನ ನೀರು ಒರೆಸದಿದ್ದರೆ ಸಿಡಿಯುತ್ತದೆ. ಬೆರಳಗಲದ ತುಂಡು ಮಾಡಿ, ತಣ್ಣನೆಯ ಬಾಣಲೆಯಲ್ಲಿ ಹರಡಿ, ಆಮೇಲೆ ಸಣ್ಣ ಉರಿ ಹಚ್ಚಿ. ಕಾದ ಬಾಣಲೆಗೆ ಹಾಕಿದರೆ ಮೇಲ್ಭಾಗ ಕರಕಲಾಗಿ ಕೊಬ್ಬು ಒಳಗೇ ಉಳಿಯುತ್ತದೆ. ಈ ಡ್ರೆಸ್ಸಿಂಗಿಗೆ ಬೇಕಾದದ್ದೇ ಆ ಕೊಬ್ಬು, ಮಾಂಸದ ತುಂಡು ಮೇಲೆ ಉದುರಿಸಲಿಕ್ಕೆ ಮಾತ್ರ. 12ರಿಂದ 15 ನಿಮಿಷಕ್ಕೆ ತುಂಡು ಗರಿಗರಿ ಆಗುತ್ತದೆ, ತೆಗೆದಿಡಿ. ತಳದಲ್ಲಿ 3 ದೊಡ್ಡ ಚಮಚದಷ್ಟು ಜಿಡ್ಡು ಇರಬೇಕು. ಹೆಚ್ಚಿದ್ದರೆ ಬಗ್ಗಿಸಿ, ಕಡಿಮೆ ಬಿದ್ದರೆ ಎಣ್ಣೆ ಸೇರಿಸಿ. ಬೆನ್ನಿನ ಭಾಗದ ಬೇಕನ್ ಕೊಂಡವರಿಗೆ ಕಡಿಮೆ ಬೀಳುವುದೇ ಹೆಚ್ಚು. ಜಿಡ್ಡು ಕಂದಾಗಿ ಸುಟ್ಟ ವಾಸನೆ ಬಂದಿದ್ದರೆ ಬೆಲ್ಲ ಎಷ್ಟು ಸುರಿದರೂ ಆ ಕಹಿ ಹೋಗದು, ಅದನ್ನು ಚೆಲ್ಲಿ ಎಣ್ಣೆಯಲ್ಲೇ ಮುಂದುವರಿಸಿ.

ಅದೇ ಜಿಡ್ಡಿನಲ್ಲಿ ಉಳ್ಳಾಗಡ್ಡಿ ಎರಡು ನಿಮಿಷ ಬಾಡಿಸಿ, ಒಲೆ ಆರಿಸಿ, ಒಂದು ನಿಮಿಷ ತಡೆಯಿರಿ. ಈಗ ವಿನೆಗರ್, ಬೆಲ್ಲ, ಸಾಸಿವೆ, ಕಾಳುಮೆಣಸು ಹಾಕಿ ಬೀಸುಕಡ್ಡಿಯಿಂದ ಕಲಸಿ. ಜಿಡ್ಡು ಮತ್ತು ಹುಳಿ ಬೇರ್ಪಡದಂತೆ ಕೆಲವು ನಿಮಿಷ ಹಿಡಿದಿಡುವುದು ಸಾಸಿವೆಯೇ, ಬಿಡಬೇಡಿ. ಉಪ್ಪು ಕೊನೆಗೆ, ರುಚಿ ನೋಡಿ. ಬೇಕನ್‌ನಲ್ಲಿ ಮೊದಲೇ ಇರುವುದರಿಂದ ಹಲವು ಸಲ ಬೇಕಾಗುವುದಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಹುರಿದವರು ವಿನೆಗರ್‌ಗಿಂತ ಮೊದಲು ಜಿಡ್ಡನ್ನು ಸ್ಟೀಲ್ ಪಾತ್ರೆಗೆ ಬಗ್ಗಿಸಿಕೊಳ್ಳಿ. ಹುಳಿಗೆ ಬಾಣಲೆಯ ಪದರು ಏಳುತ್ತದೆ, ಬಾಯಿಗೆ ಕಬ್ಬಿಣದ ರುಚಿ ಬರುತ್ತದೆ.

ಎಲೆಯ ವಿಷಯದಲ್ಲಿ ನಮ್ಮ ಮತ ಹಕ್ಕರಕಿಗೆ. ಅಮೆರಿಕದ ಪೆನ್ಸಿಲ್ವೇನಿಯಾದ ಜರ್ಮನ್ ಮೂಲದವರು ವಸಂತಕಾಲದಲ್ಲಿ ಡ್ಯಾಂಡಿಲಯನ್ ಎಂಬ ಕಹಿ ಎಲೆಯ ಮೇಲೆ ಈ ಬಿಸಿ ಡ್ರೆಸ್ಸಿಂಗ್ ಹಾಕುತ್ತಾರೆ. ಜಿಡ್ಡಿನ ಭಾರವನ್ನು ಕಹಿ ಇಳಿಸುತ್ತದೆ. ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ನಮ್ಮ ಹಕ್ಕರಕಿಯಲ್ಲೂ ಅಂಥದೇ ಸಣ್ಣ ಕಹಿ ಇದೆ, ಬಿಸಿ ತಾಗಿದರೆ ಹದವಾಗಿ ಬಾಡುತ್ತದೆ. ಎಳೆಯ ಮೆಂತ್ಯದ ಎಲೆಯೂ ನಡೆಯುತ್ತದೆ. ಐಸ್‌ಬರ್ಗ್ ಲೆಟ್ಯೂಸ್ ಬರೀ ನೀರು ಬಿಡುತ್ತದೆ.

ಪ್ರಶ್ನೆ: ವಿನೆಗರ್ ಹಾಕಿದ ಕೂಡ್ಲೆ ಮುಖಕ್ಕ ಸಿಡೀತು, ಘಾಟು ಬ್ಯಾರೆ. ಬದಲಿಗೆ ಲಿಂಬಿಹಣ್ಣು ಹಿಂಡಬಹುದಾ?
– ಓದುಗರು, ವಿಜಯಪುರ

ಉತ್ತರ: ವಿನೆಗರ್‌ನಲ್ಲಿ ಬಹುಪಾಲು ನೀರೇ. ಜಿಡ್ಡಿಗಿಂತ ಭಾರವಾದ ಆ ನೀರು ತಳಕ್ಕಿಳಿದು, ಥಟ್ಟನೆ ಹಬೆಯಾಗಿ ಮೇಲಿನ ಜಿಡ್ಡನ್ನು ಎಸೆಯುತ್ತದೆ. ಒಲೆ ಆರಿಸಿ ತಡೆಯಿರಿ ಎಂದದ್ದು ಅದಕ್ಕೇ. ಅಂಗಡಿಯ ಬಿಳಿ ವಿನೆಗರ್ ಒರಟು, 2 ಚಮಚ ವಿನೆಗರ್‌ಗೆ 1 ಚಮಚ ನೀರು ಬೆರೆಸಿಕೊಳ್ಳಿ. ಗೋವಾದ ತೆಂಗಿನ ವಿನೆಗರ್ ಸಿಕ್ಕರೆ ನೀರು ಬೇಡ. ಲಿಂಬೆ ಧಾರಾಳವಾಗಿ ಹಿಂಡಿ, ಇಂಡಿಯ ಲಿಂಬೆ ನಿಮ್ಮ ಜಿಲ್ಲೆಯದೇ. ಎರಡೂವರೆ ಚಮಚ ರಸ ಸಾಕು, ಆದರೆ ಎಲ್ಲ ಕಲಸಿದ ಮೇಲೆ ಕೊನೆಗೆ. ಕುದಿದ ಲಿಂಬೆರಸ ಕಹಿ ಹತ್ತುತ್ತದೆ.

ಪ್ರಶ್ನೆ: ಮೊದಲೇ ಮಾಡಿ ಬಾಟಲಿಯಲ್ಲಿ ಇಡಬಹುದೇ?
– ಓದುಗರು, ಬಾಗಲಕೋಟೆ

ಉತ್ತರ: ಫ್ರಿಜ್ಜಿನಲ್ಲಿ ಮೂರು ದಿನ, ಹೊರಗೆ ಬೇಡವೇ ಬೇಡ. ಹುರಿದ ತುಂಡು ಬೇರೆ ಡಬ್ಬಿಯಲ್ಲಿರಲಿ, ಇಲ್ಲವಾದರೆ ಮೆತ್ತಗಾಗುತ್ತದೆ. ಮೇಲೆ ಬಿಳಿ ಪದರ ಕಟ್ಟುವುದು ಸಹಜ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಚೆನ್ನಾಗಿ ಕುಲುಕಿ.

ತಣ್ಣಗೇ ಬೇಕೆನ್ನುವವರು ಬೇರೆ ದಾರಿ ಹಿಡಿಯಬೇಕು: ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು ಅರ್ಧ ಕಪ್, ಮೊಟ್ಟೆಯಿಲ್ಲದ ಮೇಯನೇಸ್ 2 ದೊಡ್ಡ ಚಮಚ, ಲಿಂಬೆರಸ 1 ಸಣ್ಣ ಚಮಚ, ಜಜ್ಜಿದ ಒಂದು ಬಳ್ಳೊಳ್ಳಿ ಎಸಳು, ಬೇಕನ್ ತುಂಡು. ಇದಕ್ಕೆ ಬೇಕನ್ ಜಿಡ್ಡು ಒಂದು ಸಣ್ಣ ಚಮಚ ಮೀರಬಾರದು, ಮೀರಿದರೆ ತಣ್ಣಗಾದಾಗ ಮೊಸರಿನಲ್ಲಿ ಕಾಳುಕಾಳಾಗಿ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಮನ್ಯಾಗ ಹಂದಿ ಮಾಂಸ ನಡಿಯೂದಿಲ್ರಿ. ಆ ಹೊಗಿ ರುಚಿ ಬರಬೇಕಂದ್ರ?
– ಓದುಗರು, ಗೋಕಾಕ

ಉತ್ತರ: ಚಿಕನ್ ಬೇಕನ್ ಜಿಡ್ಡು ಬಿಡುವುದು ತೀರಾ ಕಡಿಮೆ, ಅದನ್ನು ನಂಬಬೇಡಿ. 3 ದೊಡ್ಡ ಚಮಚ ಶೇಂಗಾ ಎಣ್ಣೆಯನ್ನು ಅಗಲ ಪಾತ್ರೆಯಲ್ಲಿ ಹಾಕಿ, ನಡುವೆ ಸಣ್ಣ ಸ್ಟೀಲ್ ವಾಟಿ ಇಟ್ಟು, ಅದರಲ್ಲಿ ಕೆಂಡದ ಮೇಲೆ ನಾಲ್ಕು ಹನಿ ತುಪ್ಪ ಬಿಟ್ಟು ಬಿಗಿಯಾಗಿ ಮುಚ್ಚಿ. ಐದು ನಿಮಿಷ ಸಾಕು, ಹತ್ತಾದರೆ ಮಸಿ ರುಚಿ. ಕಿಟಕಿ ತೆರೆದಿರಲಿ. ಮುಂದಿನದೆಲ್ಲ ಮೇಲಿನಂತೆಯೇ, ಉಪ್ಪು ಮಾತ್ರ ಅರ್ಧ ಚಮಚ ಹಾಕಬೇಕು. ತುಂಡಿನ ಬದಲು ಹುರಿದ ಶೇಂಗಾ ಮತ್ತು ಮುರಿದ ಸಜ್ಜಿ ಖಡಕ್ ರೊಟ್ಟಿ ಉದುರಿಸಿ, ಅದೂ ಎಲ್ಲರೂ ಊಟಕ್ಕೆ ಕೂತ ಮೇಲೆ, ಏಕೆಂದರೆ ರೊಟ್ಟಿ ಐದೇ ನಿಮಿಷದಲ್ಲಿ ಮೆತ್ತಗಾಗುತ್ತದೆ.