ಟ್ರ್ಯಾಕ್ಟರನ್ನ ಟ್ರೇಲರ್ ಮೇಲೆ ಮುಂದಿನಿಂದ ಹತ್ತಿಸೋದಾ, ರಿವರ್ಸಾ?

ಪ್ರಶ್ನೆ: ಸೊಲ್ಲಾಪುರದ ಹತ್ತಿರ 45 ಎಚ್‌ಪಿಯ ಹಳೇ ಟ್ರ್ಯಾಕ್ಟರ್ ಕೊಂಡಿದ್ದೇನೆ, ರೋಟವೇಟರ್ (ಹಿಂದೆ ಜೋಡಿಸುವ, ಮಣ್ಣು ಪುಡಿ ಮಾಡುವ ಯಂತ್ರ) ಸಮೇತ. ಊರಿಗೆ ತರಬೇಕು. ಪರಿಚಯದವರು ಸಣ್ಣ ಲಾರಿಯ ಹಿಂದೆ ಫ್ಲಾಟ್‌ಬೆಡ್ ಟ್ರೇಲರ್ ಜೋಡಿಸಿಕೊಂಡು ಬರ್ತೇನೆ ಅಂತಾರೆ. ಹೋದ ಸಲ ಬೇರೆಯವರ ಟ್ರ್ಯಾಕ್ಟರ್ ತರುವಾಗ ಟ್ರೇಲರ್ ಸ್ವಲ್ಪ ಸ್ಪೀಡ್ ಆದ ಕೂಡಲೇ ಆ ಕಡೆ ಈ ಕಡೆ ಓಲಾಡಿತಂತೆ. ಯಾಕೆ? ಹತ್ತಿಸುವಾಗ ಏನು ನೋಡಿಕೊಳ್ಳಬೇಕು?
– ಓದುಗರು, ಆಳಂದ

ಉತ್ತರ: ರಸ್ತೆನೂ ಡ್ರೈವರನ್ನೂ ಬೈಯುವ ಮೊದಲು ಆವತ್ತು ಟ್ರ್ಯಾಕ್ಟರ್ ಎಲ್ಲಿ ನಿಂತಿತ್ತು ಅಂತ ಕೇಳಿ. ಭಾರ ಟ್ರೇಲರ್ ಗಾಲಿಗಳ ಹಿಂದಕ್ಕೆ ಬಿದ್ದಿರಬೇಕು. ನಡುವೆ ಗಾಲಿ ಇರುವ ಟ್ರೇಲರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ, ಅಂದರೆ ನೂರಕ್ಕೆ 60ರ ಹತ್ತಿರ ಭಾರ ಅಚ್ಚಿನ ಮುಂದೆ ಇರಬೇಕು. ಹಿಂದೆ ಜಾಸ್ತಿಯಾದರೆ ಲಾರಿಯ ಕೊಂಡಿ ಮೇಲಕ್ಕೆ ಎಳೆದುಕೊಳ್ಳುತ್ತೆ, ಸ್ಪೀಡ್ ಏರಿದ ಹಾಗೆ ಓಲಾಟವೂ ಏರುತ್ತೆ. ಆಗ ಜೋರಾಗಿ ಬ್ರೇಕ್ ಒತ್ತಿದರೆ ಇನ್ನೂ ಕೆಡುತ್ತೆ, ಆಕ್ಸಿಲರೇಟರ್ ಬಿಟ್ಟು ನಿಧಾನ ಆಗಬೇಕು ಅಷ್ಟೆ.

ಟ್ರ್ಯಾಕ್ಟರಿನ ಹೆಚ್ಚಿನ ತೂಕ ಹಿಂದಿನ ದೊಡ್ಡ ಗಾಲಿಗಳ ಮೇಲೇ ಇರುತ್ತೆ, ನಿಮ್ಮದಕ್ಕೆ ರೋಟವೇಟರ್ ಬೇರೆ. ಹಾಗಾಗಿ ನನ್ನ ಮಾತು ಕೇಳಿದರೆ ರಿವರ್ಸ್‌ನಲ್ಲೇ ಹತ್ತಿಸಿ. ಮುಂದಿನಿಂದ ಹತ್ತಿಸಲು ಹೋದರೆ ಕಡಿದಾದ ರ‍್ಯಾಂಪ್‌ನಲ್ಲಿ ಮುಂದಿನ ಗಾಲಿ ಎದ್ದು ಗಾಡಿ ಹಿಂದಕ್ಕೆ ಮಗುಚಬಹುದು. ರಿವರ್ಸ್ ಹತ್ತಿಸಿದರೆ ಆ ಭಯ ಕಡಿಮೆ, ಜೊತೆಗೆ ಭಾರದ ಭಾಗ ತಾನಾಗೇ ಟ್ರೇಲರಿನ ಮುಂದಕ್ಕೆ ಬರುತ್ತೆ. ರೋಟವೇಟರನ್ನು ಪೂರ್ತಿ ಎತ್ತಿರಿ. ರ‍್ಯಾಂಪ್ ಗಿಡ್ಡ ಇದ್ದು ನೆಲಕ್ಕೆ ತಾಗುವ ಹಾಗಿದ್ದರೆ ಬಿಚ್ಚಿ ಬೇರೆ ಹಾಕಿ, ಮೂರು ಪಿನ್ನಿನ ಕೆಲಸ ಅದು.

ಹತ್ತಿಸುವ ಮುಂಚೆ ಎರಡು ಬ್ರೇಕ್ ಪೆಡಲ್‌ಗಳನ್ನು ಕೊಕ್ಕೆ ಹಾಕಿ ಒಂದು ಮಾಡಿ. ಹೊಲದಲ್ಲಿ ತಿರುಗಿಸಲು ಬಿಡಿಯಾಗಿ ಬಿಟ್ಟಿರ್ತಾರೆ, ರ‍್ಯಾಂಪ್ ಮೇಲೆ ಒಂದೇ ಪೆಡಲ್ ಒತ್ತಿದರೆ ಒಂದೇ ಕಡೆ ಗಾಲಿ ಹಿಡಿದು ಗಾಡಿ ಪಕ್ಕಕ್ಕೆ ತಿರುಗಿಬಿಡುತ್ತೆ. ಇದನ್ನು ಮರೆಯುವವರೇ ಜಾಸ್ತಿ. ಟೈರಿಗೆ ಮೆತ್ತಿದ ಎರೆ ಮಣ್ಣು ಕೆರೆದು ಹಾಕಿ, ಹಸಿ ಎರೆ ಕಬ್ಬಿಣದ ಮೇಲೆ ಎಷ್ಟು ಜಾರುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾ? ಟ್ರೇಲರ್ ಸಮ ನೆಲದಲ್ಲಿ ಲಾರಿಗೆ ಜೋಡಿಸಿಯೇ ಇರಲಿ, ಅದರ ಗಾಲಿಗಳಿಗೆ ಅಡ್ಡ ಕಟ್ಟಿಗೆ ಕೊಡಿ. ರ‍್ಯಾಂಪ್ ಸಾಲಲಿಲ್ಲ ಅಂತ ಶಹಾಬಾದ್ ಫರ್ಸಿ ಹಾಸಬೇಡಿ, ನೆಲಕ್ಕೆ ಹಾಸಿದರೆ ತಲೆಮಾರು ಬಾಳುವ ಕಲ್ಲು ಕೆಳಗೆ ಆಸರೆ ಇಲ್ಲದ ಕಡೆ ಭಾರ ಬಿದ್ದರೆ ಪಟ್ ಅಂತ ಎರಡಾಗುತ್ತೆ. ಅದಕ್ಕಿಂತ ಗಟ್ಟಿ ಮೊರಮ್ಮಿನ ದಿಬ್ಬಕ್ಕೆ ಟ್ರೇಲರನ್ನು ಹಿಂದೆ ತಂದು ಹಚ್ಚುವುದು ಎಷ್ಟೋ ವಾಸಿ. ಸಣ್ಣ ಗೇರ್, ನಡುವೆ ಕ್ಲಚ್ ಒತ್ತಬಾರದು. ಮಡ್‌ಗಾರ್ಡ್ ಮೇಲೆ ಯಾರೂ ಕೂರಬಾರದು, ‘ಬಾ ಬಾ’ ಅನ್ನುವವರು ದೂರ ನಿಂತು ಅನ್ನಲಿ.

ಈಗ ಕಟ್ಟುವುದು. ನೈಲಾನ್ ಹಗ್ಗ ಸುಮ್ನೆ ಸಮಾಧಾನಕ್ಕೆ, ಅದು ಹಿಗ್ಗುತ್ತೆ. ನಾಲ್ಕು ಮೂಲೆಗೂ ಬೇರೆ ಬೇರೆ ಚೈನ್ ಬೇಕು. ಎರಡು ಮುಂದಕ್ಕೆ, ಎರಡು ಹಿಂದಕ್ಕೆ ಎಳೆಯುವ ಹಾಗೆ ಇರಲಿ. ಹಿಂದೆ ಆಕ್ಸಲ್ ಹೌಸಿಂಗಿಗೆ, ಮುಂದೆ ಆಕ್ಸಲ್ ಬೀಮಿಗೆ ಹಾಕಿ. ಸ್ಟೇರಿಂಗ್ ರಾಡಿಗೆ, ಹೈಡ್ರಾಲಿಕ್ ಪೈಪಿಗೆ ಬೇಡವೇ ಬೇಡ. ರೋಟವೇಟರ್ ಕೆಳಗಿಳಿಸಿ ಹಲಗೆ ಮೇಲೆ ಕೂರಿಸಿ, ಅದನ್ನೂ ಬೇರೆ ಕಟ್ಟಿ. ಗೇರ್‌ನಲ್ಲಿ ಬಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ತಲೆ ಮೇಲೆ ಫೈಬರ್ ಹುಡ್ ಇದ್ದರೆ ಬಿಚ್ಚಿಡಿ, ಗಾಡಿ ಹಿಮ್ಮುಖ ನಿಂತಿರುತ್ತಲ್ವಾ, ಗಾಳಿ ಅದನ್ನು ಎತ್ತಿ ಒಗೆಯುತ್ತೆ. ಟೈರು ಕುಲುಕಿ ಚೈನ್ ಸಡಿಲ ಆಗೇ ಆಗುತ್ತೆ. 10-15 ಕಿಲೋಮೀಟರ್ ಆದ ಮೇಲೆ ಒಮ್ಮೆ, ಅಕ್ಕಲಕೋಟೆಯಲ್ಲಿ ಚಹಾಕ್ಕೆ ನಿಂತಾಗ ಇನ್ನೊಮ್ಮೆ ಬಿಗಿ ಮಾಡಿ.

ಪ್ರಶ್ನೆ: ಆಟೋಮ್ಯಾಟಿಕ್ ಕಾರು ಕೆಟ್ಟರೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗಬಹುದಾ?
– ಓದುಗರು, ಹುಮನಾಬಾದ್

ಉತ್ತರ: ಬೇಡ. ಎಂಜಿನ್ ಆಫ್ ಇದ್ದು ಗಾಲಿ ತಿರುಗಿದರೆ ಗೇರ್‌ಬಾಕ್ಸಿಗೆ ಎಣ್ಣೆ ಸರಿಯಾಗಿ ಹೋಗಲ್ಲ, ಸುಟ್ಟುಹೋಗುತ್ತೆ. ಎಲೆಕ್ಟ್ರಿಕ್ ಕಾರನ್ನೂ ಎಳೆಯಬಾರದು. ಫ್ಲಾಟ್‌ಬೆಡ್ ಗಾಡಿ ಕರೆಸಿ, ಬೆಲ್ಟನ್ನು ಟೈರಿನ ಮೇಲೆ ಹಾಕಿಸಿ. ಕಾರಿನ ಮೈಗೆ ಬಿಗಿದರೆ ಸಸ್ಪೆನ್ಷನ್ ಕುಣಿದಾಗಲೆಲ್ಲ ಬೆಲ್ಟ್ ಸಡಿಲ.

ಪ್ರಶ್ನೆ: ಭತ್ತದ ಸುಗ್ಗಿಗೆ ಹಾರ್ವೆಸ್ಟರ್ ಟ್ರೇಲರ್ ಮೇಲೆ ತರಿಸ್ತೇವೆ. ಮುಂದಿನ ಕಟರ್ ಬಿಚ್ಚಲೇಬೇಕಾ? ಡ್ರೈವರ್ ಸುಮ್ನೆ ಟೈಮ್ ವೇಸ್ಟ್ ಅಂತಾನೆ.
– ಓದುಗರು, ಸುರಪುರ

ಉತ್ತರ: ಬಿಚ್ಚಿಸಿ, ಉದ್ದುದ್ದ ಮಲಗಿಸಿ ಕಟ್ಟಿಸಿ. ಅಗಲ ಆ ಕಟರಿನದೇ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಲೋಡ್ ಪಕ್ಕಕ್ಕೆ ಚಾಚಿದರೆ 20,000 ರೂಪಾಯಿ ದಂಡ ಇದೆ, ತೂಕ ಮೀರಿದರೂ 20,000, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಇನ್ನು ಎತ್ತರ: ಲೋಡ್ ಆದ ಮೇಲೆ ರಸ್ತೆಯಿಂದ ಮೇಲಿನ ತುದಿವರೆಗೆ ಟೇಪ್ ಹಿಡಿದು ಅಳೆಯಿರಿ, ಅಂದಾಜು ಬೇಡ. ಹಳ್ಳಿ ದಾರಿಯಲ್ಲಿ ಕರೆಂಟಿನ ತಂತಿ ಜೋತು ಬಿದ್ದಿರುತ್ತೆ, ಅದನ್ನು ಕೋಲಿನಿಂದ ಎತ್ತಲು ಹುಡುಗರನ್ನು ಮೇಲೆ ಹತ್ತಿಸಬೇಡಿ. ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿ, ಆಮೇಲೆ ದಾಟಿ.